ಅಂಗೈಯ ಮೇಲಿನ ಕೋಡು

ಸೋಮವಾರ ಬೆಳಗಿನ ಐದೂವರೆಯ ಹೊತ್ತಿಗೆ ದೇವರ ಕೋಣೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದ ಮುರುಗೆಪ್ಪ, ಎಡ ಅಂಗೈಯ ಮೇಲೆ ಇಷ್ಟಲಿಂಗ ಇರಬೇಕಾದ ಜಾಗದಲ್ಲಿ ಎಮ್ಮೆಯ ಕೋಡಿನ ಒಂದು ಬಿಲ್ಲೆಯನ್ನು ಇಟ್ಟುಕೊಂಡು ಬಲಗೈ ಹೆಬ್ಬೆರಳಿನಿಂದ ತಿಕ್ಕುತ್ತಿದ್ದ. ಲಿಂಗ ಎಲ್ಲಿತ್ತು ಅಂದರೆ, ಎಂದಿನಂತೆ ಬೆಳ್ಳಿಯ ಕರಡಿಗೆಯೊಳಗೆ, ಅವನ ಎದೆಯ ಮೇಲೆಯೇ ಇತ್ತು. ಮುಚ್ಚಿದ ಕರಡಿಗೆಯೊಳಗಿಂದ ಅದಕ್ಕೆ ಇದೆಲ್ಲ ಕಾಣಿಸಲಿಕ್ಕಿಲ್ಲ, ಆದರೆ ತಿಕ್ಕುವ ಸದ್ದು ಕೇಳಿಸದೆ ಇರಲಿಕ್ಕೂ ಇಲ್ಲ ಎಂಬ ಯೋಚನೆ ಹದಿನೆಂಟು ದಿನಗಳಿಂದ ಅವನನ್ನು ಕಾಡುತ್ತಿತ್ತು. ಕಾಡಿದರೆ ಕಾಡಲಿ ಎಂದು ಹೆಬ್ಬೆರಳು ತನ್ನ ಪಾಡಿಗೆ ಸುತ್ತುತ್ತಲೇ ಇತ್ತು. ಒಂದು ಚಿಟಿಕೆ ವಿಭೂತಿ, ಒಂದು ಹನಿ ನೀರು, ನೂರು ಸುತ್ತು ಬಲಕ್ಕೆ, ನೂರು ಸುತ್ತು ಎಡಕ್ಕೆ. ಬೂದು ಬಣ್ಣದ ಕೆಸರನ್ನು ಒರೆಸಿದರೆ ಅಡಿಯಿಂದ ಕಪ್ಪು ಹೊಳೆಯುತ್ತ ಎದ್ದು ಬರುತ್ತಿತ್ತು. ಮೊದಲ ವಾರ ಅದರಲ್ಲಿ ದೀಪದ ಬೆಳಕು ಮಾತ್ರ ಕಂಡಿತ್ತು, ಎರಡನೆಯ ವಾರ ದೀಪದ ಬತ್ತಿ ಕಂಡಿತ್ತು, ಈಗ ಅವನ ಮೂಗು, ಮೂಗಿನ ಮೇಲಿನ ಕನ್ನಡಕ, ಹಣೆಯ ಮೂರು ಬಿಳಿ ಗೆರೆ ಎಲ್ಲವೂ ಕಾಣುತ್ತಿದ್ದವು. ಹಣೆಗೆ ಗೆರೆ ಎಳೆದುಕೊಳ್ಳುವುದನ್ನು ಅವನು ಒಂದು ದಿನವೂ ತಪ್ಪಿಸಿರಲಿಲ್ಲ. ಕಳ್ಳತನವಾದರೂ ಕೆಲಸ ಅಚ್ಚುಕಟ್ಟಾಗಿರಬೇಕು.

ಹೊರಗೆ ಹಾಲಿನವನ ಗಾಡಿ ನಿಂತ ಸದ್ದು. ಅದರ ಹಿಂದೆಯೇ ರತ್ನವ್ವನ ಪಿಸುಮಾತು: "ಮೆಲ್ಲಕ ಮಾತಾಡಪಾ. ಪೂಜಾಕ್ಕ ಕುಂತಾರ." ಹಾಲಿನವನು ಗಾಡಿಯನ್ನು ಚಾಲೂ ಮಾಡದೆ ಮನೆಯ ಮುಂದಿನಿಂದ ತಳ್ಳಿಕೊಂಡೇ ಹೋದ. ಮೂವತ್ತೆರಡು ವರ್ಷದ ಸಂಸಾರದಲ್ಲಿ ಈ ಹೆಂಡತಿ ತನಗಾಗಿ ಒಂದು ಪಾತ್ರೆಯನ್ನಾದರೂ ಸದ್ದಿಲ್ಲದೆ ಇಟ್ಟದ್ದು ಮುರುಗೆಪ್ಪನಿಗೆ ನೆನಪಿಲ್ಲ. ಈಗ ನಲ್ಲಿಯನ್ನು ಕೂಡ ಹನಿಹನಿಯಾಗಿ ಬಿಡುತ್ತಾಳೆ. ಅವನಿಗೆ ಬೆನ್ನಿನಲ್ಲಿ ಸುಖವೆನಿಸಿತು, ಅದೇ ಹೊತ್ತಿಗೆ ಅಳುಕೂ ಆಯಿತು. ಎರಡೂ ಒಟ್ಟಿಗೇ ಆಗುತ್ತವೆ ಎಂಬುದೇ ಅವನಿಗೆ ವಿಚಿತ್ರ. ಬಿಲ್ಲೆಯನ್ನು ಮತ್ತೆ ನೂರು ಸುತ್ತು ತಿಕ್ಕಿದ.

ಇದಕ್ಕೆಲ್ಲ ಕಾರಣ ವಿದ್ಯಾನಗರದ ಹಲ್ಲಿನ ಡಾಕ್ಟರ್ ಸೌಮ್ಯಾ. ಅವಳ ದವಾಖಾನೆಗೆ ಬಡಗಿ ಮುರುಗೆಪ್ಪ ಹಿಂದೆ ಒಂದು ಕಪಾಟು ಮಾಡಿಕೊಟ್ಟಿದ್ದ. ಅದರ ಒಂದು ಡ್ರಾಯರ್ ತಳ್ಳಿದರೆ ಒಳಗಿನ ಗಾಳಿ ಇನ್ನೊಂದು ಡ್ರಾಯರನ್ನು ಹೊರಗೆ ದೂಡುತ್ತಿತ್ತು, ಅಷ್ಟು ಬಿಗಿ. ಆ ಒಂದು ಗುಣಕ್ಕೆ ಮರುಳಾಗಿ ಅವಳು ತನ್ನ ಅಜ್ಜನ ಬಂದೂಕಿನ ಕಟ್ಟಿಗೆಯನ್ನು ತಂದು ಧಾರವಾಡದ ಲಕಮನಹಳ್ಳಿಯಲ್ಲಿ ಅವನ ಮನೆಗೆ ಹೊಂದಿಕೊಂಡ ಶೆಡ್ಡಿನಲ್ಲಿ ಇಟ್ಟಳು. ಕಬ್ಬಿಣದ ಭಾಗವೆಲ್ಲ ಹುಬ್ಬಳ್ಳಿಯ ಲೈಸನ್ಸಿನ ಅಂಗಡಿಯಲ್ಲಿ ಭದ್ರವಾಗಿತ್ತು. ಬಂದದ್ದು ಭುಜಕ್ಕೆ ಆನಿಸುವ, ಕೈಯಲ್ಲಿ ಹಿಡಿಯುವ ಮರವಷ್ಟೇ: ಹಳೆಯ ಅಕ್ರೋಟ ಮರ, ಅದರ ನಾರುಗಳ ಗೆರೆ ನೋಡುತ್ತಲೇ ಮುರುಗೆಪ್ಪನ ಬಾಯಲ್ಲಿ ನೀರೂರಿತು. "ನಾ ಯಾವ ಪ್ರಾಣೀನೂ ಹೊಡಿಯಂಗಿಲ್ಲ ಕಾಕಾ, ಹಾಳಿಗೆ ಗುರಿ ಇಡೂದಷ್ಟ," ಎಂದು ಅವಳು ಮೊದಲೇ ಹೇಳಿದಳು, ಅವನ ಕೊರಳಿನ ಶಿವದಾರವನ್ನು ನೋಡಿ. "ಮುಂದಿನ ತುದಿಗೊಂದು, ಕೈ ಹಿಡಿಯೂ ಬುಡಕ್ಕೊಂದು, ಎರಡು ಕಡೆ ಕರೀ ಕೋಡು ಕೂಡಿಸಬೇಕು. ಹಳೇ ಬಂದೂಕಿನಾಗ ಹಂಗ ನೋಡೇನಿ. ಭಾಳ ಛಂದ ಕಾಣತದ." ಕೋಡು ಎಂದ ಕೂಡಲೇ ಅವನು ಇಲ್ಲ ಎನ್ನಬೇಕಿತ್ತು. ಕಟ್ಟಿಗೆಯನ್ನು ಕೈಯಿಂದ ಕೆಳಗಿಟ್ಟಿದ್ದರೆ ಇಲ್ಲ ಎನ್ನುತ್ತಿದ್ದನೋ ಏನೋ. ಅವನು ಅದನ್ನು ಇಟ್ಟಿರಲಿಲ್ಲ.

ಕೋಡು ಹುಬ್ಬಳ್ಳಿಯ ಮಕಬೂಲಸಾಬನಿಂದ ಬಂತು. ಅವನು ಕೋಡಿನಿಂದ ತಲೆ ಬಾಚುವ ಹಣಿಗೆ ಮಾಡುವವ, ಮುರುಗೆಪ್ಪನಿಗಿಂತ ಹತ್ತು ವರ್ಷಕ್ಕೆ ದೊಡ್ಡವ. ಕೋಡು ತುದಿಯಲ್ಲಿ ಮಾತ್ರ ಗಟ್ಟಿ, ಉಳಿದದ್ದೆಲ್ಲ ಪೊಳ್ಳು ಎಂದು ತೋರಿಸಿ, ಎರಡು ಗಟ್ಟಿ ತುದಿಗಳನ್ನು ಕೊಯ್ದು ಹಾಳೆಯಲ್ಲಿ ಸುತ್ತಿಕೊಟ್ಟ. ಶೆಡ್ಡಿನಲ್ಲಿ ಕಾನಸು ಹಾಕಿ ಕೋಡನ್ನು ಉಜ್ಜಿದ ಮೊದಲ ದಿನವೇ ನಾತ ಎದ್ದಿತು. ಅಡುಗೆಮನೆಯ ಕಿಟಕಿಯಿಂದ ರತ್ನವ್ವ ಕೇಳಿದಳು: "ಏನ್ರಿ ಅದು, ಕೂದಲಾ ಸುಟ್ಟಂಗ ವಾಸನಿ?" ಅವನು "ಪ್ಲಾಸ್ಟಿಕ್ ಪಟ್ಟಿ," ಎಂದ. ಸುಳ್ಳು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವನಿಗೇ ಬೆರಗಾಯಿತು. ಮೊಟ್ಟೆ ಬೆರೆಸಿದ ಬಿಸ್ಕಿಟನ್ನೂ ಮನೆಯೊಳಗೆ ಬಿಡದ ಹೆಂಗಸು ಅವಳು. ಸತ್ತ ಎಮ್ಮೆಯ ಕೋಡು ಅಂದಿದ್ದರೆ ಶೆಡ್ಡಿಗೆ ಬೀಗ ಹಾಕುತ್ತಿದ್ದಳು. ಮುಂದಿನ ತುದಿಯನ್ನು ಅಂಟು ಹಾಕಿ ಕೂಡಿಸಿದ, ಬುಡದ ಬಿಲ್ಲೆಗೆ ಒಂದೇ ಸ್ಕ್ರೂ. ಮರ ಎಲ್ಲಿ ಮುಗಿಯಿತು, ಕೋಡು ಎಲ್ಲಿ ಶುರುವಾಯಿತು ಎಂಬುದು ಕಣ್ಣಿಗೆ ಬಿಟ್ಟರೆ ಬೆರಳಿಗೆ ತಿಳಿಯುವಂತಿರಲಿಲ್ಲ. ಸೌಮ್ಯಾ ಬಂದು ಹಲ್ಲು ಕೆದಕುವ ತನ್ನ ಸಣ್ಣ ಕೊಕ್ಕೆಯ ಸೂಜಿಯನ್ನು ಸಂದಿನ ಉದ್ದಕ್ಕೂ ಎಳೆದಳು. ಸೂಜಿ ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ಮುರುಗೆಪ್ಪ ಎದೆಯುಬ್ಬಿಸಿ ನಿಂತ. ಅವಳು ಬಿಲ್ಲೆಯನ್ನು ಬೆಳಕಿಗೆ ಹಿಡಿದು, "ಗೀರು ಅದಾವಲ್ರಿ ಕಾಕಾ," ಎಂದಳು. ತಿದ್ದಿದ. ಮತ್ತೆ ಬಂದಳು. "ಇನ್ನೂ ಅದಾವ್ರಿ." ರೋಗಿಗೆ ಹುಳುಕು ತೋರಿಸುವ ದನಿಯಲ್ಲಿಯೇ ಹೇಳಿದಳು, ಒಂದಿಷ್ಟೂ ಸಿಟ್ಟಿಲ್ಲದೆ. ಅದೇ ಅವನಿಗೆ ಹೆಚ್ಚು ಉರಿಯಿತು. ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಒಬ್ಬ ಹಲ್ಲಿನ ಡಾಕ್ಟರಿಂದ ಪಾಲಿಶ್ ಕಲಿಯುವುದೇ?

ಮತ್ತೆ ಮಕಬೂಲಸಾಬನ ಹತ್ತಿರ ಹೋದಾಗ ಆತ ನಕ್ಕ. "ಪೇಪರಿನಿಂದ ಗೀರು ಹೋಗಂಗಿಲ್ಲ ಮುರುಗೆಪ್ಪಣ್ಣಾ, ಸಣ್ಣ ಆಗತಾವ ಅಷ್ಟ. ಬೂದಿ ಬೇಕು. ಸೆಗಣಿ ಕುಳ್ಳು ಸುಟ್ಟ ಬೂದಿ, ಅರಿವ್ಯಾಗ ಏಳು ಸಲ ಸೋಸಿದ್ದು. ಆಮ್ಯಾಲೆ ನಿಮ್ಮ ಕೈ. ಅಂಗೈಕ್ಕಿಂತ ಮೆತ್ತನ್ನ ಪಾಲಿಶ್ ಪೇಪರ್ ಇನ್ನೂ ಯಾವ ಕಂಪನ್ಯಾವರೂ ಮಾಡಿಲ್ಲ." ಬಸ್ಸಿನಲ್ಲಿ ಧಾರವಾಡಕ್ಕೆ ವಾಪಸು ಬರುವಾಗ ಉದ್ದಕ್ಕೂ ಮುರುಗೆಪ್ಪ ಬೂದಿಯನ್ನೇ ಯೋಚಿಸಿದ. ಲಕಮನಹಳ್ಳಿಯಲ್ಲಿ ಯಾರ ಮನೆಯಲ್ಲಿ ಒಲೆ ಇದೆ? ಎಲ್ಲರದೂ ಗ್ಯಾಸು. ಕಾರ್ಖಾನೆಗಳ ಹಿಂದೆ ರಾಶಿ ಬಿದ್ದಿರುವ ಬೂದಿ ಹರಳು ಹರಳು, ಅದರಿಂದ ತಿಕ್ಕಿದರೆ ಕೋಡಲ್ಲ, ಕಲ್ಲೂ ಗೀಚೀತು. ಸೆಗಣಿಯನ್ನೇ ಸುಟ್ಟು, ಬಟ್ಟೆಯಲ್ಲಿ ಸೋಸಿ, ಮತ್ತೆ ಸೋಸಿ, ಮಾಡಿದ ಬೂದಿ ಇಡೀ ಓಣಿಯಲ್ಲಿ ಒಂದೇ ಕಡೆ ಸಿಗುತ್ತದೆ ಎಂಬುದು ಅವನಿಗೆ ಮನೆಯ ಮೆಟ್ಟಿಲಲ್ಲಿ ಹೊಳೆಯಿತು. ಚಪ್ಪಲಿ ಕಳಚುತ್ತ ಇದ್ದವನು ಹಾಗೆಯೇ ನಿಂತ. ಛೇ, ಅಂದುಕೊಂಡ. ಮರುದಿನ ನಸುಕಿನಲ್ಲಿ ಬಿಲ್ಲೆಯ ಸ್ಕ್ರೂ ಬಿಚ್ಚಿಕೊಂಡು ದೇವರ ಕೋಣೆಗೆ ಹೋಗಿ ವಿಭೂತಿ ಗಟ್ಟಿಯ ಒಂದು ಮೂಲೆ ಮುರಿದ.

ಒಂದೇ ದಿನದ ಮಾತು ಎಂದುಕೊಂಡಿದ್ದ. ಕೈಯೆಲ್ಲ ಬಿಳಿ ಮಾಡಿಕೊಂಡು, ಬಿಲ್ಲೆಯನ್ನು ಧೋತರದ ಗಂಟಿನಲ್ಲಿ ಸಿಕ್ಕಿಸಿ ಹೊರಬಂದರೆ ಎದುರಿಗೆ ರತ್ನವ್ವ. ಅವನ ಕೈ ನೋಡಿದಳು, ಕೋಣೆ ನೋಡಿದಳು, ಹೊತ್ತು ನೋಡಿದಳು. ಸ್ನಾನವಾದ ಮೇಲೆ ಕರಡಿಗೆಯನ್ನು ಕಣ್ಣಿಗೊತ್ತಿ ಎರಡು ಕ್ಷಣದಲ್ಲಿ ಪೂಜೆ ಮುಗಿಸುವ ಗಂಡನನ್ನು ಮೂವತ್ತೆರಡು ವರ್ಷ ಬೈದು ಸೋತಿದ್ದವಳು, ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಗಲೇ ಹೇಳಿಬಿಡಬೇಕಿತ್ತು. ಆದರೆ ಕಣ್ಣು ಒರೆಸಿಕೊಳ್ಳುತ್ತಿರುವ ಹೆಂಗಸಿಗೆ ಎಮ್ಮೆಯ ಕೋಡು ತೋರಿಸುವುದು ಹೇಗೆ? ಮರುದಿನ ಐದಕ್ಕೇ ಅವಳು ದೀಪ ಹಚ್ಚಿ, ಮಣೆ ಹಾಕಿ ಇಟ್ಟಿದ್ದಳು. ಮಣೆ ಹಾಕಿದ ಮೇಲೆ ಕೂರದಿರಲು ಆಗುತ್ತದೆಯೇ? ಕೂತ ಮೇಲೆ ಸುಮ್ಮನಿರಲು ಆಗುತ್ತದೆಯೇ? ಬಿಲ್ಲೆಯನ್ನು ತೆಗೆದ. ಅವತ್ತಿನಿಂದ ಜೋಳದ ರೊಟ್ಟಿಯ ಮೇಲೆ ಬೆಣ್ಣೆ ಕಾಣಿಸತೊಡಗಿತು. ವಿಭೂತಿ ಗಟ್ಟಿ ಲಗೂ ಲಗೂ ಸವೆಯುವುದನ್ನು ಕಂಡು ಅವಳು ಅಕ್ಕಪಕ್ಕದ ಮನೆಗಳಿಗೆಲ್ಲ ಹೇಳಿ ಬಂದಳು: "ಮೈತುಂಬ ಹಚ್ಚಿಕೊಂತಾರ್ರಿ." ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜನ ಬೈಯುತ್ತಾರೆ. ಇಲ್ಲಿ ಜನ ಬೆಕ್ಕಿಗೆ ಕೈಮುಗಿಯುತ್ತಿದ್ದರು.

ಬಿಲ್ಲೆಯನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ವಿಭೂತಿ ಬಟ್ಟಲಿನ ಹಿಂದೆ ಇಟ್ಟು, ಮುರುಗೆಪ್ಪ ನಾಷ್ಟಾಕ್ಕೆ ಬಂದು ಕೂತ. ಉಪ್ಪಿಟ್ಟು ಬಡಿಸುತ್ತ ರತ್ನವ್ವ ಹೇಳಿದಳು: "ಇವತ್ತ ನಾಕಕ್ಕ ವಚನಾ ಹಾಡೂ ಅಕ್ಕನ ಬಳಗದವರು ನಮ್ಮ ಮನೀಗೆ ಬರತಾರ. ರಜನಿ ಅಕ್ಕೋರು ನಿಮ್ಮನ್ನ ನೋಡಬೇಕಂದಾರ. ಪೂಜಾದ ಬಗ್ಗೆ ಎರಡು ಮಾತು ಹೇಳ್ರಿ." ಮುರುಗೆಪ್ಪ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟ. ರಜನಿ ಅಕ್ಕೋರೆಂದರೆ ಸಾಲಿಯಿಂದ ನಿವೃತ್ತರಾದ ಮಾಸ್ತರಿಣಿ. ಓಣಿಯ ಅರ್ಧ ಗಂಡಸರು ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರು. "ನನಗೇನ ಬರತೈತಿ ಹೇಳಾಕ?" ಎಂದ. "ಹೆಂಗ ಮಾಡತೀರಿ, ಹಂಗ ಹೇಳ್ರಿ," ಎಂದಳು. ಅಷ್ಟರಲ್ಲಿ ಫೋನು. ಸೌಮ್ಯಾ. "ಕಾಕಾ, ನಾಳೆ ಮುಂಜಾನೆ ಅಂಗಡ್ಯಾಗ ಬಂದೂಕು ಜೋಡಿಸಿಕೊಡ್ತಾರಂತ. ಇವತ್ತ ನಾಕಕ್ಕ ಬಂದು ಒಯ್ತೀನ್ರಿ." ಬೇಡ, ನಾನೇ ತಂದುಕೊಡುತ್ತೇನೆ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವಳು ಫೋನು ಇಟ್ಟಿದ್ದಳು. ಮತ್ತೆ ಹಚ್ಚಿದರೆ ಎತ್ತಲಿಲ್ಲ. ಯಾರದೋ ಬಾಯಿಯೊಳಗೆ ಕೈ ಇಟ್ಟಿರಬೇಕು.

ಮಧ್ಯಾಹ್ನ ಮೂರಕ್ಕೆ ಶೆಡ್ಡಿನಲ್ಲಿ ಕೂತು ಕಟ್ಟಿಗೆಗೆ ಎಣ್ಣೆ ಒರೆಸಿದ. ಬಳಗದವರು ಬರುತ್ತಾರೆಂದು ರತ್ನವ್ವ ಬೆಳಗಿನಿಂದ ದೇವರ ಕೋಣೆಯ ಮುಂದೆಯೇ ಓಡಾಡುತ್ತಿದ್ದುದರಿಂದ ಬಿಲ್ಲೆಯನ್ನು ತಂದು ಕೂಡಿಸಲು ಆಗಿರಲಿಲ್ಲ. ಕೆಲಸ ಚೆನ್ನಾಗಿ ಬಂದಿತ್ತು. ಅದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಇಷ್ಟು ವರ್ಷದ ಬಡಗಿತನದಲ್ಲಿ ಎಷ್ಟು ಜನರ ಮನೆಗೆ ದೇವರ ಮಂಟಪ ಮಾಡಿದ್ದಾನೆ, ಯಾವ ಮಂಟಪದ ಮುಂದೆಯೂ ಇಷ್ಟು ಹೊತ್ತು ಕೂತವನಲ್ಲ. ಈ ಹದಿನೆಂಟು ದಿನ ಬೆಳಗಿನ ಆ ಒಂದು ತಾಸಿನಲ್ಲಿ ಅವನಿಗೆ ಸಾಲ ನೆನಪಾಗಿರಲಿಲ್ಲ, ಮಂಡಿನೋವು ನೆನಪಾಗಿರಲಿಲ್ಲ, ತನ್ನ ಹೆಸರು ಕೂಡ ನೆನಪಾಗಿರಲಿಲ್ಲ. ಅದು ಏನು? ಅದಕ್ಕೂ ಒಂದು ಹೆಸರಿದೆಯೇ? ರಜನಿ ಅಕ್ಕೋರನ್ನು ಕೇಳಿದರೆ ಹೇಳಬಹುದು, ಆದರೆ ಅಂಗೈಯಲ್ಲಿ ಏನಿತ್ತು ಎಂದು ಅವರು ಮೊದಲು ಕೇಳುತ್ತಾರೆ. ಇವತ್ತು ಹೇಳಿಯೇ ಬಿಡುವುದೆಂದು ಎದ್ದು ಅಡುಗೆಮನೆಯ ಬಾಗಿಲಿಗೆ ಹೋದ. ರತ್ನವ್ವ ಬಳಗದವರಿಗೆಂದು ರವೆಯ ಸಿಹಿ ಸಜ್ಜಕ ತಿರುವುತ್ತಿದ್ದಳು. "ರತ್ನಾ, ಒಂದು ಮಾತು," ಎಂದ. ಅವಳು ತಿರುಗದೆಯೇ, "ನಾನೂ ಒಂದು ಮಾತು ಹೇಳೂದೈತಿ, ಮೊದಲ ನಾ ಹೇಳತೇನಿ," ಎಂದಳು. "ನೀವು ಕಟ್ಟಿಗಿ ಬಿಟ್ಟರ ಯಾವದನ್ನೂ ಹಂಗ ಕಣ್ಣಿಟ್ಟು ನೋಡಿದವರಲ್ಲ. ನನ್ನನ್ನೂ ನೋಡಿಲ್ಲ. ನನಗ ಭಾಳ ವರ್ಷ ಸಿಟ್ಟಿತ್ತು. ಈಗ ಮುಂಜಾನೆ ನಿಮ್ಮ ಬೆನ್ನು ನೋಡತೇನಲ್ಲ, ಆ ಸಿಟ್ಟು ಹೋಗೇತಿ." ಸೌಟು ಪಾತ್ರೆಯ ಅಂಚಿಗೆ ತಟ್ಟಿ, "ಹಾಂ, ನೀವೇನೋ ಅಂದ್ರಲ್ಲ?" ಎಂದಳು. ಮುರುಗೆಪ್ಪ ಅವಳ ಕತ್ತಿನ ಹಿಂದಿನ ಬಿಳಿ ಕೂದಲನ್ನು ನೋಡಿದ. ಅದು ಯಾವಾಗ ಬೆಳ್ಳಗಾಯಿತು ಎಂಬುದು ಅವನಿಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು. "ಸಜ್ಜಕಕ್ಕ ಯಾಲಕ್ಕಿ ಹಾಕು," ಎಂದು ಹೇಳಿ ಹೊರಗೆ ಬಂದ.

ನಾಲ್ಕಕ್ಕೆ ಐದು ಮಿನಿಟು ಮೊದಲೇ ಏಳು ಜನ ಹೆಂಗಸರು ಬಂದು ಪಡಸಾಲೆಯ ಚಾಪೆಯ ಮೇಲೆ ಕೂತರು. ರಜನಿ ಅಕ್ಕೋರಿಗೆ ಕುರ್ಚಿ. ಒಂದು ವಚನ ಹಾಡಿದ್ದಾಯಿತು. ಆಮೇಲೆ ಎಲ್ಲರ ಕಣ್ಣೂ ಮುರುಗೆಪ್ಪನ ಮೇಲೆ. ಅವನು ಎದ್ದು ನಿಂತ, ಪರೀಕ್ಷೆಗೆ ಓದದೆ ಬಂದವರು ನಿಲ್ಲುವ ಹಾಗೆ. "ನನಗ ಏನೂ ಗೊತ್ತಿಲ್ಲರಿ," ಎಂದ. ಅದು ಆ ಹದಿನೆಂಟು ದಿನಗಳಲ್ಲಿ ಅವನು ಆಡಿದ ಮೊದಲ ಖರೇ ಮಾತು. "ನಾ ಸುಮ್ಮ ಕುಂದರತೇನ್ರಿ. ಅದು ಪೂಜಾ ಅಲ್ಲರಿ." ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಜನಿ ಅಕ್ಕೋರು ಕಣ್ಣು ಮುಚ್ಚಿ ತಲೆದೂಗಿದರು. "ನೋಡ್ರೆವಾ, ಬಲ್ಲವರು ಹಿಂಗ ಅಂತಾರ. ನಾವು ಒಂದು ಹೂವು ಏರಿಸಿದರ ಊರಿಗೆಲ್ಲ ಸಾರತೇವಿ." ರತ್ನವ್ವನ ಮುಖದಲ್ಲಿ ಹೊಸ ಮದುಮಗಳ ಕಳೆ. ಮುರುಗೆಪ್ಪನಿಗೆ ನೆಲ ಬಿರಿದು ತನ್ನನ್ನು ಒಳಗೆ ಎಳೆದುಕೊಂಡರೆ ಸಾಕು ಎನಿಸಿತು. ಬಾಗಿಲಲ್ಲಿ ಸ್ಕೂಟರು ನಿಂತಿತು.

ಸೌಮ್ಯಾ ಚಪ್ಪಲಿ ಕಳಚಿ ಒಳಗೆ ಬಂದವಳು ಇಷ್ಟೊಂದು ಹೆಂಗಸರನ್ನು ನೋಡಿ ಎಲ್ಲರಿಗೂ ಒಟ್ಟಿಗೆ ಕೈಮುಗಿದಳು. "ಕಾಕಾ, ಅರ್ಜೆಂಟ್ ಅದರಿ. ಶೆಡ್ಡಿನಾಗ ಕಟ್ಟಿಗಿ ನೋಡಿದೆ, ಬುಡದ ಬಿಲ್ಲಿ ಕಾಣವಲ್ದು. ಎಲ್ಲಿಟ್ಟೀರಿ?" ಇಲ್ಲ ಎಂದರೆ ನಾಳೆ ಬಂದೂಕು ಜೋಡಿಸಲು ಆಗುವುದಿಲ್ಲ. ಇದೆ ಎಂದರೆ ತರಬೇಕು. ಅವನು ಏಳು ಜೋಡಿ ಕಣ್ಣುಗಳ ಎದುರಿಗೆ ದೇವರ ಕೋಣೆಗೆ ಹೋಗಿ, ಕೆಂಪು ಬಟ್ಟೆಯ ಗಂಟನ್ನು ತಂದು ಅವಳ ಕೈಗೆ ಕೊಟ್ಟ. ಹೆಂಗಸರಲ್ಲಿ ಇಬ್ಬರು ಅದಕ್ಕೆ ಕೈ ಮುಗಿದೂ ಬಿಟ್ಟರು. ಸೌಮ್ಯಾ ಗಂಟು ಬಿಚ್ಚಿದಳು, ಕಿಟಕಿಯ ಬೆಳಕಿಗೆ ಹಿಡಿದಳು, ಓರೆ ಮಾಡಿದಳು, ಕೆನ್ನೆಗೆ ಒತ್ತಿಕೊಂಡು ನೋಡಿದಳು. "ಅಯ್ಯ ಕಾಕಾ! ಒಂದು ಗೀರಿಲ್ಲ!" ಎಂದಳು. ನಾಚಿಕೆಯಿಲ್ಲದ ಜೀವ, ಆ ಹೊತ್ತಿನಲ್ಲಿಯೂ ಮುರುಗೆಪ್ಪನಿಗೆ ಒಳಗೊಳಗೇ ಖುಷಿಯಾಯಿತು. ಅಕ್ಕೋರು ಕುರ್ಚಿಯಿಂದ ಬಾಗಿ, "ಏನವಾ ಅದು, ಅಷ್ಟು ಹೊಳೀತೈತಿ?" ಎಂದು ಕೇಳಿದರು. "ಕೋಡ್ರಿ ಅಜ್ಜಿ. ಎಮ್ಮಿ ಕೋಡು. ನನ್ನ ಬಂದೂಕಿಗೆ." ಕೈ ಮುಗಿದಿದ್ದ ಇಬ್ಬರು ಹೆಂಗಸರು ಕೈಯನ್ನು ಸೆರಗಿಗೆ ಒರೆಸಿಕೊಂಡರು. ಸೌಮ್ಯಾಳಿಗೆ ಅದು ತಿಳಿಯಲಿಲ್ಲ. ಅವಳು ಸೂಜಿ ತೆಗೆದು ಸ್ಕ್ರೂ ತೂತಿನ ಅಂಚನ್ನು ಮೀಟಿ, "ಇಲ್ಲೊಂದಿಷ್ಟು ಬಿಳೀ ಪುಡಿ ಕೂತದ ನೋಡ್ರಿ. ಯಾವ ಪುಡಿಲೆ ತಿಕ್ಕೀರಿ? ನಾವು ಹಲ್ಲಿಗೆ ಹಾಕೂದಕ್ಕಿಂತ ಛಲೋ ಅದ. ನನಗೂ ಹೇಳ್ರಿ," ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮುರುಗೆಪ್ಪ ಬಲಗೈ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ. ಅದನ್ನು ರತ್ನವ್ವ ನೋಡಿದಳು.

ನೋಡಿದ ಕ್ಷಣದಲ್ಲಿಯೇ ಅವಳಿಗೆ ಎಲ್ಲವೂ ತಿಳಿಯಿತು. ಮದುಮಗಳ ಕಳೆ ಆರಿಹೋಯಿತು. "ರಂಗೋಲಿ ಪುಡಿ," ಎಂದಳು ರತ್ನವ್ವ. ದನಿ ನೆಟ್ಟಗಿತ್ತು. "ನಾನ ಸೋಸಿ ಕೊಟ್ಟೇನ್ರಿ." ಅಕ್ಕೋರು ಕನ್ನಡಕದ ಮೇಲಿನಿಂದ ನೋಡಿ, "ಆದರ ಕೋಡು ದೇವರ ಕ್ವಾಣ್ಯಾಗ ಯಾಕವಾ?" ಎಂದರು. "ಆ ಕ್ವಾಣ್ಯಾಗ ಬೆಳಕು ಛಲೋ ಬರತೈತ್ರಿ. ಗಿರಾಕಿ ಮಾಲು, ಕಳೀಬಾರದಂತ ನಾನ ಅಲ್ಲಿಡ್ರಿ ಅಂದಿದ್ದೆ. ಸಜ್ಜಕ ಆರತೈತಿ, ಏಳ್ರಿ." ಆ ಕೋಣೆಗೆ ಕಿಟಕಿಯೇ ಇಲ್ಲ ಎಂಬುದು ಅಲ್ಲಿ ಕೂತಿದ್ದ ಏಳು ಜನಕ್ಕೂ ಗೊತ್ತಿತ್ತು. ಸಜ್ಜಕ ತಿಂದರು, ಚೆನ್ನಾಗಿದೆ ಎಂದರು, ಹೋದರು. ಸೌಮ್ಯಾ ಕಟ್ಟಿಗೆಯನ್ನು ಮಗುವಿನ ಹಾಗೆ ಚಾದರದಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು ಹೋದಳು. ಮುರುಗೆಪ್ಪ ಪಡಸಾಲೆಯ ನಡುವೆ ನಿಂತೇ ಇದ್ದ. ತಾನು ಹೇಳಿದ ಸುಳ್ಳುಗಳೆಲ್ಲ ಅವನಿಗೆ ಹಗುರವಾಗಿ ಕಂಡಿದ್ದವು. ಮೂವತ್ತೆರಡು ವರ್ಷದಲ್ಲಿ ಒಂದು ಸುಳ್ಳನ್ನೂ ಆಡದ ಈ ಹೆಂಗಸಿನ ಬಾಯಿಂದ, ಸೋಮವಾರ, ಬಳಗದವರ ಎದುರಿಗೆ ನಾಲ್ಕು ಸುಳ್ಳು ಹೊರಡಿಸಿದೆನಲ್ಲ ಎಂಬುದು ಮಾತ್ರ ಎದೆಯ ಮೇಲೆ ಕಲ್ಲಾಗಿ ಕೂತಿತು. "ರತ್ನಾ," ಎಂದ. ಅವಳು ಚಾಪೆ ಸುತ್ತುತ್ತಿದ್ದಳು. "ರತ್ನಾ, ಬೈಯಬೇಕಂದ್ರ ಬೈಯಿ." ಅವಳು ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ರಾತ್ರಿಯ ಊಟಕ್ಕೆ ರೊಟ್ಟಿಯ ಮೇಲೆ ಬೆಣ್ಣೆ ಇರಲಿಲ್ಲ, ಅದನ್ನು ಅವನು ನ್ಯಾಯವೆಂದೇ ತಿಂದ.

ಮರುದಿನ ಅವನು ಬಿಸಿಲೇರುವ ತನಕ ಮಲಗುವ ಹುನ್ನಾರದಲ್ಲಿದ್ದ. ಐದಕ್ಕೆ ಚಾದರ ಮೈಮೇಲಿಂದ ಸರಿಯಿತು. "ಏಳ್ರಿ. ಪೂಜಾದ ಹೊತ್ತಾತು." ಅವನು ಕಣ್ಣು ತಿಕ್ಕಿಕೊಂಡು, "ಕೋಡು ಹೋತಲ್ಲ," ಎಂದ. "ಕೋಡು ಹೋತು. ನಿಮ್ಮ ಸಲುವಾಗಿ ನಾಕು ಸುಳ್ಳು ಹೇಳೇನಿ. ಅದರ ಪಾಪಾ ಕಳಿಯೂದು ನೀವ. ಏಳ್ರಿ." ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕರುಣೆಯೂ ಇರಲಿಲ್ಲ. ಮುರುಗೆಪ್ಪ ಸ್ನಾನ ಮಾಡಿ ಬಂದ. ದೀಪ ಉರಿಯುತ್ತಿತ್ತು, ಮಣೆ ಹಾಕಿತ್ತು, ಮಣೆಯ ಹಿಂದೆ ಇನ್ನೊಂದು ಮಣೆ ಹಾಕಿಕೊಂಡು ರತ್ನವ್ವ ಕೂತಿದ್ದಳು. ಇನ್ನು ಬೆನ್ನು ತಿರುಗಿಸಿ ಏನನ್ನೂ ಮುಚ್ಚಿಡುವ ಹಾಗಿರಲಿಲ್ಲ. ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಯ ಮೇಲೆ ಇಟ್ಟುಕೊಂಡ. ಎಷ್ಟು ವರ್ಷವಾಗಿತ್ತೋ, ಅದು ಇಷ್ಟು ತಂಪು ಎಂಬುದು ಅವನಿಗೆ ಮರೆತುಹೋಗಿತ್ತು. ಮಸುಕು ಕಪ್ಪು. ಅದರಲ್ಲಿ ದೀಪ ಕಾಣುತ್ತಿರಲಿಲ್ಲ, ಬತ್ತಿ ಕಾಣುತ್ತಿರಲಿಲ್ಲ, ಅವನ ಮೂಗಂತೂ ಕಾಣುತ್ತಿರಲಿಲ್ಲ. ಏನು ಮಾಡಬೇಕೋ ತಿಳಿಯದೆ ನೋಡುತ್ತ ಕೂತ. ಹೆಂಡತಿಯ ಉಸಿರು ಬೆನ್ನಿಗೆ ತಾಕುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ, ಅವನಿಗೆ ಗೊತ್ತಿಲ್ಲದಂತೆ, ಬಲಗೈ ಹೆಬ್ಬೆರಳು ಬಂದು ಲಿಂಗದ ಮೇಲೆ ಕೂತು ಮೆಲ್ಲಗೆ ಬಲಕ್ಕೆ ಸುತ್ತತೊಡಗಿತು.

ಹಿಂದಿನಿಂದ ರತ್ನವ್ವನ ಕೈ ಬಂದು ಆ ಹೆಬ್ಬೆರಳನ್ನು ಹಿಡಿದು ಪಕ್ಕಕ್ಕೆ ಇಟ್ಟಿತು.

"ತಿಕ್ಕಬ್ಯಾಡ್ರಿ," ಎಂದಳು. "ನೋಡ್ರಿ."